ದೊಡ್ಡವ್ವ ಕಲಿತ ರೇಡಿಯೊ ಉರ್ದು

ನನ್ನ ಕಣ್ಣಿಗೆ ಉರ್ದು ಬರುತ್ತದೆ, ಕಿವಿಗೆ ಬರುವುದಿಲ್ಲ. ನಗುವುದಾದರೆ ನಗಿ, ನನ್ನ ಹೆಂಡತಿ ಈ ಮಾತಿಗೆ ನಕ್ಕು ನಕ್ಕು ಈಗ ಬೇಸತ್ತಿದ್ದಾಳೆ. ಒಂದೇ ತಲೆಯಲ್ಲಿ ನೆರೆಹೊರೆಯಾಗಿ ಕೂತ ಎರಡು ಅಂಗಗಳಲ್ಲಿ ಒಂದು ಪಂಡಿತನೂ ಇನ್ನೊಂದು ಶುದ್ಧ ದಡ್ಡನೂ ಆಗಿರಬಹುದೆಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಗೊತ್ತಾದದ್ದು ನಾನು ಮಾಸ್ತರನಾಗಿ ಕಲಬುರಗಿಯ ಶಹಾಬಜಾರದಲ್ಲಿ ಸಂಸಾರ ಹೂಡಿದ ಮೇಲೆ.

ನಾನು ಕಮಲಾಪುರದವನು. ನಮ್ಮದು ಬಾಳೆತೋಟದ ಮನೆತನ. ನಮ್ಮೂರಿನ ಕೆಂಪು ಬಾಳೆ ತಿಂದು ಬೆಳೆದವರಿಗೆ ಬೇರೆ ಊರಿನ ಬಾಳೆ ಬರೀ ಸಿಪ್ಪೆಯಂತೆ ಅನಿಸುತ್ತದೆ. ಇದು ಜಂಭದ ಮಾತಲ್ಲ, ನಾಲಿಗೆಯ ಮಾತು. ಗೊನೆಗಳನ್ನು ಬಂಡಿಗೆ ಹೇರಿ ಕಲಬುರಗಿಯ ಪೇಟೆಗೆ ತರುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು, ಅಕ್ಷರ ತಿದ್ದುವ ಮೊದಲೇ ನಾನು ಪೇಟೆಯ ಉರ್ದು ಕಲಿತಿದ್ದೆ. ಹೌದು ಎನ್ನಲು ‘ಹೌ’, ಬೇಡ ಎನ್ನಲು ‘ನಕ್ಕೋ’, ಯಾಕೆ ಎನ್ನಲು ‘ಕಾಯ್ಕು’. ಇಷ್ಟು ಮಾತು ಮತ್ತು ಆಡಿಸಲು ಎರಡು ಕೈ ಇದ್ದರೆ ಬೀದರಿನಿಂದ ರಾಯಚೂರಿನ ತನಕ ಯಾರಿಗೆ ಏನನ್ನಾದರೂ ಮಾರಬಹುದಿತ್ತು, ಯಾರೊಡನೆಯಾದರೂ ಜಗಳವಾಡಬಹುದಿತ್ತು. ಇದೇ ಉರ್ದು ಎಂದು ನಾನು ತಿಳಿದಿದ್ದೆ.

ಆಮೇಲೆ ಶಾಲೆ. ನಿಜಾಮರ ಸೀಮೆಯಲ್ಲಿ ಲೆಕ್ಕವೂ ಉರ್ದುವಿನಲ್ಲಿ, ಭೂಗೋಳವೂ ಉರ್ದುವಿನಲ್ಲಿ. ಬೈಗುಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಅದು ಹುಡುಗರಿಗೆ ತಿಳಿಯಲೇಬೇಕಲ್ಲ. ನಮ್ಮ ಮಾಸ್ತರರು ಪಾಠವನ್ನು ಉರ್ದುವಿನಲ್ಲಿ ಓದಿ, ಅದರ ಅರ್ಥವನ್ನು ಮೆಲ್ಲಗೆ ಕನ್ನಡದಲ್ಲಿ ಹೇಳಿ, ಕಿಟಕಿಯ ಕಡೆಗೊಮ್ಮೆ ನೋಡುತ್ತಿದ್ದರು. ಹೀಗಾಗಿ ನಾನು ಉರ್ದುವನ್ನು ಕಲಿತದ್ದೆಲ್ಲ ಕಣ್ಣಿನಿಂದ. ಅಕ್ಷರ ಮುತ್ತಿನಂತಿದ್ದವು. ಪರೀಕ್ಷೆಗಳನ್ನು ಲೀಲಾಜಾಲವಾಗಿ ದಾಟಿದೆ. ಓಣಿಯವರು ಕಚೇರಿಗೆ ಅರ್ಜಿ ಬರೆಸಲು ನನ್ನ ಹತ್ತಿರವೇ ಬರುತ್ತಿದ್ದರು. ಬರೆದ ಉರ್ದು ನನ್ನ ಎದುರಿಗೆ ಬೆಕ್ಕಿನ ಮರಿಯಂತೆ ಮಲಗಿರುತ್ತಿತ್ತು. ಅದೇ ಉರ್ದು ಯಾರದಾದರೂ ಬಾಯಿಂದ ಹೊರಟರೆ ಹುಲಿಯಂತೆ ಮೈಮೇಲೆ ಬರುತ್ತಿತ್ತು.

ನಾನು ಮಾಸ್ತರನಾಗಿದ್ದ ಶಾಲೆಗೆ ಲಖನೌ ಕಡೆಯ ಹೆಡ್‌ಮಾಸ್ತರರೊಬ್ಬರು ಬಂದಾಗ ಈ ಹುಲಿಯ ಪರಿಚಯ ಚೆನ್ನಾಗಿ ಆಯಿತು. ಸಜ್ಜನರು. ಅವರ ಬಾಯಿಂದ ಉರ್ದು ರೇಷ್ಮೆಯ ನೂಲಿನಂತೆ ಜಾರುತ್ತಿತ್ತು, ಎಲ್ಲಿಯೂ ಗಂಟಿಲ್ಲ, ಹಿಡಿಯಲು ತುದಿಯಿಲ್ಲ. ಅವರು ಏನು ಹೇಳಿದರೂ ನಾನು ‘ಜೀ’ ಎನ್ನುತ್ತಿದ್ದೆ. ಅದರಿಂದ ಯಾವ ಅಪಾಯವೂ ಇಲ್ಲವೆಂಬುದು ನನ್ನ ಅನುಭವವಾಗಿತ್ತು. ಒಂದು ಬೆಳಿಗ್ಗೆ ಅವರು ಮೆಲುದನಿಯಲ್ಲಿ, “ಮೇರೀ ಖುಶ್‌ದಾಮನ್ ಸಾಹಿಬಾ ರೆಹ್ಲತ್ ಫರ್ಮಾ ಗಯೀಂ” ಎಂದರು. ನನ್ನ ಕಿವಿಗೆ ‘ಖುಶ್’ ಬಿತ್ತು. ‘ರೆಹ್ಲತ್’ ಎಂಬುದು ‘ರಾಹತ್’ ಎಂದು ಬಿತ್ತು. ಖುಷಿಯೂ ಆರಾಮವೂ ಒಟ್ಟಿಗೆ ಬಂದಿವೆ ಎಂದಮೇಲೆ ಇನ್ನೇನು? ಅಂದು ಬರೀ ‘ಜೀ’ ಸಾಲದೆಂದು ಮುಖವರಳಿಸಿ, “ಬಹುತ್ ಬಹುತ್ ಮುಬಾರಕ್ ಹೋ ಸಾಬ್!” ಎಂದುಬಿಟ್ಟೆ. ಖುಶ್‌ದಾಮನ್ ಎಂದರೆ ಹೆಂಡತಿಯ ತಾಯಿ. ರೆಹ್ಲತ್ ಎಂದರೆ ತೀರಿಹೋಗುವುದು. ಹೆಡ್‌ಮಾಸ್ತರರು ನನ್ನನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಆಗ ಸಿಟ್ಟು ಕಾಣಲಿಲ್ಲ; ತಾನು ಹೇಳಲಾರದ್ದನ್ನು ಇನ್ನೊಬ್ಬ ಹೇಳಿದಾಗ ಮೂಡುವಂಥ ಏನೋ ಒಂದು ಕಂಡಿತು ಎಂದು ಶಾಲೆಯ ಮೌಲ್ವಿ ಸಾಹೇಬರು ಆಮೇಲೆ ನಗುತ್ತ ನೆನೆಸುತ್ತಿದ್ದರು. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತ್ತು.

ಈ ಮೌಲ್ವಿ ಸಾಹೇಬರೇ ನನಗೆ ಮದ್ದು ಹೇಳಿದವರು. ಅವರು ಫಾರಸಿ ಕಲಿಸುತ್ತಿದ್ದರು. ಕಲಬುರಗಿಯಲ್ಲೇ ಹುಟ್ಟಿದವರಾದ್ದರಿಂದ ನಮ್ಮ ಕನ್ನಡವನ್ನೇ ಆಡುತ್ತಿದ್ದರು.

“ಮಾಸ್ತರ್ ಸಾಬ್, ನೀವು ರೇಡಿಯೋ ಕೇಳ್ರಿ,” ಎಂದರು. “ಒಂದೊಂದು ಲಫ್ಜ್, ಒಂದೊಂದು ಶಬ್ದ ಹಿಡೀಲಿಕ್ಕೆ ಹೋಗಬ್ಯಾಡ್ರಿ. ಒಳಗಿಂದ ಬೀಬಿ ಒದರಿದ್ರ ನೀವು ಲಫ್ಜ್ ಕೇಳ್ತೀರೇನು? ಗುಸ್ಸಾ ಎಷ್ಟದ ಅಂತ ಕೇಳ್ತೀರಿ. ಹಂಗೇ ಕೇಳ್ರಿ.”

ಶಹಾಬಜಾರದಲ್ಲಿ ಆಗ ರೇಡಿಯೊ ಇದ್ದದ್ದು ಬೇಳೆ ವ್ಯಾಪಾರದ ವೀರಭದ್ರಪ್ಪ ಸಾಹುಕಾರರ ಮನೆಯಲ್ಲಿ. ಪಡಸಾಲೆಯ ಗೂಡಿನಲ್ಲಿ, ಕಸೂತಿಯ ಬಟ್ಟೆ ಹೊದ್ದುಕೊಂಡು ಅದು ಕೂತಿರುತ್ತಿತ್ತು. ಸಾಹುಕಾರರು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಟ್ಟೆ ಸರಿಸಿ ಅದರ ಕಿವಿ ಹಿಂಡುತ್ತಿದ್ದರು. ಸೋಮವಾರ ಆ ಪೆಟ್ಟಿಗೆಗೂ ಒಂದು ಗೆರೆ ವಿಭೂತಿ. ಮಾಳಿಗೆಯ ಮೇಲೆ ಎರಡು ಗಳ ನೆಟ್ಟು ತಂತಿ ಎಳೆದಿದ್ದರು. ಅದರ ಮೇಲೆ ಕಾಗೆ ಕೂತರೆ ವಾರ್ತೆ ಓದುವವನ ದನಿ ಒಡೆಯುತ್ತದೆ ಎಂದು ಅವರ ನಂಬಿಕೆ; ಗೊರಗೊರ ಸದ್ದು ಹೆಚ್ಚಾದರೆ ಮೇಲೆ ಹೋಗಿ ಕಾಗೆ ಓಡಿಸಲು ಯಾರನ್ನಾದರೂ ಕಳಿಸುತ್ತಿದ್ದರು. ಸಂಜೆ ಹೈದರಾಬಾದಿನ ಸ್ಟೇಷನ್ನಿನಿಂದ ಉರ್ದು ವಾರ್ತೆ ಬರುವ ಹೊತ್ತಿಗೆ ಓಣಿಯ ಗಂಡಸರೆಲ್ಲ ಜಮಖಾನದ ಮೇಲೆ ಕೂತಿರುತ್ತಿದ್ದರು.

ನಾನೂ ಹೋಗಿ ಕೂತೆ. ಮೊದಲ ದಿನವೇ ಎದೆಗುಂದಿದೆ. ಮೊದಲ ಪದಕ್ಕೆ ನಾನು ಅರ್ಥ ಹುಡುಕಿ ತರುವಷ್ಟರಲ್ಲಿ ವಾರ್ತೆಯವನು ಮೂರು ದೇಶ ದಾಟಿರುತ್ತಿದ್ದ. ಓದುವವನಿಗೆ ಬೆರಳಿದೆ, ತಿಳಿಯದ ಕಡೆ ಇಟ್ಟು ನಿಲ್ಲಬಹುದು, ಹಿಂದಿನ ಸಾಲಿಗೆ ಹೋಗಿ ಬರಬಹುದು. ಕೇಳುವವನು ಬೆರಳನ್ನು ಎಲ್ಲಿಡಬೇಕು? ಮನುಷ್ಯರಾದರೆ ‘ಏನಂದ್ರಿ?’ ಎಂದು ಕೇಳಬಹುದು. ರೇಡಿಯೊ ಎಂಬುದು ದೊಡ್ಡ ಕಿವುಡ, ಮಾತಾಡುತ್ತದೆ, ಕೇಳುವುದಿಲ್ಲ. ನಮ್ಮ ಹಿರಿಯರು ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣಕ್ಕೆ ಮೊದಲ ಸ್ಥಾನ ಕೊಟ್ಟರು. ಅದು ಎಲ್ಲಕ್ಕಿಂತ ಸುಲಭ, ಸುಮ್ಮನೆ ಕೂತರಾಯಿತು ಎಂದು ನಾನು ತಿಳಿದಿದ್ದೆ. ಸಾಹುಕಾರರ ಪಡಸಾಲೆಯಲ್ಲಿ ಕೂತ ಮೇಲೆ, ಅದನ್ನು ಮೊದಲು ಇಟ್ಟದ್ದು ಅರ್ಧ ಜನ ಅಲ್ಲಿಂದಲೇ ಮನೆಗೆ ಹೋಗಲಿ ಎಂದಿರಬೇಕು ಅನಿಸಿತು. ನಾನೂ ಎದ್ದು ಮನೆಗೆ ಹೋಗುತ್ತಿದ್ದೆನೋ ಏನೋ. ಆದರೆ ಆಗ ಯುದ್ಧ ಬಂತು, ಅದರ ಹಿಂದೆಯೇ ಕಮಲಾಪುರದಿಂದ ನಮ್ಮ ದೊಡ್ಡವ್ವ ಬಂದಳು.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ನೀಲವ್ವ. ಗಂಡ ಬೇಗ ತೀರಿಹೋಗಿದ್ದ. ಒಬ್ಬನೇ ಮಗ ಶಿವಲಿಂಗ. ಬಾಳೆಗೆ ನೀರು ಕಟ್ಟು ಎಂದರೆ ರಸ್ತೆಗೆ ಓಡಿ ಮೋಟಾರು ನೋಡುತ್ತ ನಿಲ್ಲುತ್ತಿದ್ದವನು, ಕೊನೆಗೆ ಮೋಟಾರು ನಡೆಸುವುದನ್ನೇ ಕಲಿತ. ಕಲಿತವನನ್ನು ನಿಜಾಮರ ಪಲ್ಟನ್ನು ಲಾರಿ ನಡೆಸಲು ಸೇರಿಸಿಕೊಂಡಿತು. ಬಾವಿಗಿಂತ ದೊಡ್ಡ ನೀರು ನೋಡಿರದ ಹುಡುಗನನ್ನು ಹಡಗು ಹತ್ತಿಸಿ ಪೂರ್ವಕ್ಕೆ ಕಳಿಸಿದರು. ಸಿಂಗಾಪುರದ ಕಡೆಗೆ ಹೋಗಿದ್ದಾರೆ ಎಂದು ಬಾಯಿಮಾತಿನ ಸುದ್ದಿ ಬಂದಿತ್ತು, ಆಮೇಲೆ ಅದೂ ನಿಂತಿತು. ಕಲಬುರಗಿಯಲ್ಲಿ ಒಂದು ಪೆಟ್ಟಿಗೆ ದಿನಾ ಸಂಜೆ ಲಡಾಯಿಯ ಸುದ್ದಿ ಹೇಳುತ್ತದೆ ಎಂದು ಯಾರೋ ಅಂದದ್ದೇ ತಡ, ದೊಡ್ಡವ್ವ ತೋಟವನ್ನು ನಮ್ಮಪ್ಪನ ಕೈಗೆ ಒಪ್ಪಿಸಿ, ಬಂಡಿಯಲ್ಲಿ ಗೊನೆಗಳ ನಡುವೆ ಕೂತು ನಮ್ಮ ಮನೆಗೆ ಬಂದಿಳಿದಳು.

ಅವತ್ತೇ ಸಂಜೆ ಅವಳನ್ನು ಕರೆದುಕೊಂಡು ಹೋದೆ. ಸಾಹುಕಾರರ ಹೆಂಡತಿ ಗುರಮ್ಮನವರು ನಡುಮನೆಯ ಬಾಗಿಲ ಹಿಂದೆ ಚಾಪೆ ಹಾಸಿ ಕೂಡಿಸಿದರು. ವಾರ್ತೆ ಬಂತು, ಹೋಯಿತು. ಹೊರಗೆ ಬಂದವಳು ಓಣಿಯಲ್ಲಿಯೇ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಏನಂದನೋ ಚನ್ನಪ್ಪಾ? ನಮ್ಮ ಶಿವಲಿಂಗಂದು ಏನರ ಬಂತೇನು?”

“ಹೆಸರು ಹೇಳೂದಿಲ್ಲ ದೊಡ್ಡವ್ವಾ. ಲಡಾಯಿದು ಒಟ್ಟು ಸುದ್ದಿ ಅಷ್ಟ ಹೇಳ್ತಾರ.”

“ಆತು, ಒಟ್ಟು ಸುದ್ದಿನೇ ಹೇಳು. ಏನಂತ?”

ಆ ಹೊತ್ತಿಗೆ ಏನಾದರೊಂದು ಹೇಳಿ ಸಮಾಧಾನ ಮಾಡಬಹುದಿತ್ತು. ಸುಳ್ಳಿಗೆ ನಾಲಿಗೆ ಏಳಲಿಲ್ಲ. “ನನಗ ಪೂರಾ ತಿಳೀಲಿಲ್ಲ ದೊಡ್ಡವ್ವಾ,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಷ್ಟು ಕಿತಾಬ ಓದೀದಿ. ದೊಡ್ಡ ದೊಡ್ಡ ಅರ್ಜಿ ಬರದು ಕೊಡ್ತಿ. ಮತ್ತ ತಿಳೀಲಿಲ್ಲ ಅಂತಿ?”

“ಓದಿದ್ರ ತಿಳೀತದ. ಕೇಳಿದ್ರ ತಿಳೀವಲ್ದು.”

“ಹಂಗಂದ್ರ ಏನೋ?” ಎಂದು ಅವಳು ಕೇಳಿದಳು. ಅಣಕಕ್ಕೆ ಕೇಳಿದ್ದಲ್ಲ. ಓದು ಬಾರದ ಅವಳಿಗೆ ಭಾಷೆ ಎಂದರೆ ಕೇಳುವುದೇ. ಅದಕ್ಕೆ ಇನ್ನೊಂದು ಬಾಗಿಲು ಇದೆ ಎಂಬುದೇ ಗೊತ್ತಿರಲಿಲ್ಲ. ನನ್ನ ತೋಳು ಬಿಟ್ಟು ಮುಂದೆ ನಡೆದಳು. ಆಮೇಲೆ, “ಹೋಗ್ಲಿ ಬಿಡು. ನಾಳೆ ಇನ್ನೊಂದು ಚೂರು ಹತ್ತರ ಕೂಡು,” ಎಂದಳು.

ಹತ್ತಿರ ಕೂತೆ. ಮೌಲ್ವಿ ಸಾಹೇಬರ ಉಪದೇಶದಂತೆ ಪದ ಬಿಟ್ಟು ದನಿ ಹಿಡಿಯಲು ನೋಡಿದೆ. ಆದರೆ ಆ ವಾರ್ತೆಯವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಹತ್ತು ಸಾವಿರ ಜನ ಸತ್ತದ್ದನ್ನೂ ನಿಜಾಮ ಹುಜೂರರು ಬಾಗ್‌ನಲ್ಲಿ ಹೂವು ನೋಡಿದ್ದನ್ನೂ ಒಂದೇ ದನಿಯಲ್ಲಿ ಹೇಳುವವನು. ಅಂಥ ಗಂಡನೊಡನೆ ಬಾಳುವೆ ಮಾಡುವ ಹೆಂಗಸಿನ ಗತಿ ಏನು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಮತ್ತೆ ಪದಗಳಿಗೇ ಮರಳಿದೆ. ಒಂದೊಂದಾಗಿ ಕೆಲವು ಸಿಕ್ಕವು. ಮಹಾಜ್ ಎಂದರೆ ಯುದ್ಧ ನಡೆಯುವ ಜಾಗ. ಅಫ್ವಾಜ್ ಎಂದರೆ ಫೌಜುಗಳು. ಮನೆಗೆ ನಡೆಯುತ್ತ ಅವನ್ನು ದೊಡ್ಡವ್ವನಿಗೆ ಒಪ್ಪಿಸುತ್ತಿದ್ದೆ. ಅವಳು ಎಲೆ ಅಡಿಕೆ ಮೆಲ್ಲುತ್ತ ಅವನ್ನೂ ಮೆಲುಕು ಹಾಕುತ್ತಿದ್ದಳು.

“ಪಸ್ಪಾ ಅಂದ್ರ ಏನೋ? ಇವತ್ತು ಭಾಳ ಸಲ ಅಂದ,” ಎಂದು ಒಂದು ಸಂಜೆ ಕೇಳಿದಳು.

“ಹಿಂದಕ್ಕ ಸರಿಯೋದು.”

“ಯಾರು? ನಮ್ಮವರೋ, ಆ ಕಡಿಯವರೋ?”

“ನಮ್ಮವರು.”

ನಾನು ಅವಳ ಮುಖ ನೋಡಲಾರದೆ ಎದುರಿನ ಗೋಡೆ ನೋಡಿದೆ. ಆದರೆ ಅವಳ ದನಿಯಲ್ಲಿ ಹುರುಪು ಬಂದಿತ್ತು. “ಹಿಂದಕ್ಕ ಅಂದ್ರ ಮನಿ ಕಡಿಗೇ ಅಲ್ಲೇನೋ? ಚೊಲೊನೇ ಆತಲ್ಲ! ಹಂಗೇ ಸರಕೋತ ಸರಕೋತ ಬರಲಿ.”

ತಿಳಿಯದಿದ್ದಾಗ ಕತ್ತಲೆಯಿತ್ತು ನಿಜ. ತಿಳಿಯುತ್ತ ಬಂದಂತೆ ಕಾಣುತ್ತಿದ್ದುದು ಬೆಳಕಾಗಿರಲಿಲ್ಲ.

ಆಮೇಲೆ ಬಂದದ್ದು ‘ಸುಕೂತ್’ ಎಂಬ ಪದ.

ಆ ಸಂಜೆ ರೇಡಿಯೊ ಎಂದಿಲ್ಲದಷ್ಟು ನಿಚ್ಚಳವಾಗಿತ್ತು. ಮಾಳಿಗೆಯಲ್ಲಿ ಕಾಗೆಯಿಲ್ಲ, ಪಡಸಾಲೆಯಲ್ಲಿ ಕೆಮ್ಮಿಲ್ಲ. ವಾರ್ತೆಯವನು ಮೊದಲಿಗೇ ‘ಸಿಂಗಾಪುರ್’ ಎಂದ. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ‘ಸಿಂಗಾಪುರ್ ಕಾ ಸುಕೂತ್’ ಎಂದ. ಸುಕೂತ್ ಎಂದರೆ ಮೌನ ಎಂದು ನನಗೆ ಗೊತ್ತಿತ್ತು. ಮುಂದೆ, ‘ಫೌಜೋಂ ನೇ ಹಥಿಯಾರ್ ಡಾಲ್ ದಿಯೇ’ ಎಂದ. ಫೌಜುಗಳು ಹತಾರಗಳನ್ನು ಕೆಳಗೆ ಹಾಕಿದವು! ಒಂದು ಪದವೂ ನನ್ನ ಕೈ ತಪ್ಪಿರಲಿಲ್ಲ. ಇಷ್ಟು ತಿಂಗಳ ಮೇಲೆ ನನ್ನ ಕಿವಿಗೆ ಬಾಗಿಲು ತೆರೆದಿತ್ತು. ಸಿಂಗಾಪುರದಲ್ಲಿ ತೋಪುಗಳು ಸುಮ್ಮನಾಗಿವೆ, ಹತಾರ ಕೆಳಗಿಟ್ಟಿದ್ದಾರೆ, ಕಾದಾಟ ನಿಂತಿದೆ. ಎದ್ದು ನಿಂತು ಬಾಗಿಲ ಕಡೆಗೆ ತಿರುಗಿ ಕೂಗಿದೆ: “ದೊಡ್ಡವ್ವಾ! ಸಿಂಗಾಪುರದಾಗ ಲಡಾಯಿ ನಿಂತದ!”

ಜಮಖಾನದ ಮೇಲೆ ಉರ್ದು ನನಗಿಂತ ಹೆಚ್ಚು ತಿಳಿದವರು ಯಾರೂ ಇರಲಿಲ್ಲ. ಮಾಸ್ತರರೇ ಹೇಳಿದ ಮೇಲೆ ಎಲ್ಲರೂ ನಂಬಿದರು. ಗುರಮ್ಮನವರು ಒಳಗಿನಿಂದ ಸಕ್ಕರೆ ತಂದು ಹಂಚಿದರು. ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ಮನೆಗೆ ಬಂದವಳೇ ಕಮಲಾಪುರಕ್ಕೆ ಹೋಗುವ ಮಾತು ತೆಗೆದಳು. ಶಿವಲಿಂಗನ ಕೋಣೆಗೆ ಸುಣ್ಣ ಹೊಡೆಸಬೇಕು, ಅವನಿಗೊಂದು ಹೆಣ್ಣು ನೋಡಬೇಕು, ಆ ಹಾಳು ಮೋಟಾರು ಬಿಡಿಸಿ ತೋಟದಲ್ಲಿ ನಿಲ್ಲಿಸಬೇಕು.

ಮರುದಿನ ಶಾಲೆಯಲ್ಲಿ ಮೌಲ್ವಿ ಸಾಹೇಬರ ಮುಂದೆ ಉಬ್ಬಿ ಹೇಳಿಕೊಂಡೆ: ನಿನ್ನೆ ಇಡೀ ವಾರ್ತೆ ತಿಳಿಯಿತು, ಸಿಂಗಾಪುರದ ಸುಕೂತ್, ಹಥಿಯಾರ್. ಅವರು ಬಾಯಿಗೆ ಇಡಲಿದ್ದ ಪಾನನ್ನು ಹಾಗೆಯೇ ಹಿಡಿದು ನನ್ನನ್ನು ನೋಡಿದರು.

“ನೀವು ಯಾವ ಸುಕೂತ್ ಅಂದ್ಕೊಂಡ್ರಿ ಮಾಸ್ತರ್ ಸಾಬ್?” ಎಂದರು ಮೆಲ್ಲಗೆ.

ಸುಕೂತ್ ಎರಡಿವೆ. ಒಂದನ್ನು ಸಣ್ಣ ಕಾಫ್, ಸಣ್ಣ ತೇ ಎಂಬ ಅಕ್ಷರ ಹಾಕಿ ಬರೆಯುತ್ತಾರೆ, ಅದು ಮೌನ. ಇನ್ನೊಂದನ್ನು ದೊಡ್ಡ ಕಾಫ್, ತೋಯ್ ಹಾಕಿ ಬರೆಯುತ್ತಾರೆ. ಅದು ಬೀಳುವುದು, ನಗರ ಶತ್ರುಗಳ ಕೈಗೆ ಹೋಗುವುದು. ಕಾಗದದ ಮೇಲೆ ಅವೆರಡೂ ಆನೆಗೂ ಆಡಿಗೂ ಇರುವಷ್ಟು ಬೇರೆ. ಕಣ್ಣಿದ್ದ ಯಾವ ಹುಡುಗನೂ ತಪ್ಪಲಾರ. ನಮ್ಮ ಕಡೆಯ ಜನ ಆ ದೊಡ್ಡ ಕಾಫನ್ನು ‘ಖ’ ಎಂದು ಆಡುತ್ತಾರೆ. ಕಲಬುರಗಿಯ ಯಾವನಾದರೂ ಓದಿದ್ದರೆ ‘ಸುಖೂತ್’ ಎನ್ನುತ್ತಿದ್ದ, ಹೆಸರಿನಲ್ಲಿ ಸುಖವಿದ್ದರೂ ಅದು ಕೇಡಿನ ಸುದ್ದಿ ಎಂದು ನನಗೆ ಗೊತ್ತಾಗುತ್ತಿತ್ತು. ರೇಡಿಯೊದವನು ಶುದ್ಧವಾಗಿ ಉಚ್ಚರಿಸಿದ. ಅವನ ಶುದ್ಧಿ ನನ್ನ ಕಿವಿಗೆ ಮೌನವಾಗಿ ಕೇಳಿಸಿತು. ಹತಾರ ಕೆಳಗೆ ಹಾಕಿದವರು ನಮ್ಮವರು ಮಾತ್ರ. ಹಾಕಿದವರನ್ನೆಲ್ಲ ಶತ್ರುಗಳು ಸೆರೆ ಹಿಡಿದಿದ್ದರು.

“ಶಹರ ಬಿದ್ದ ಮ್ಯಾಲ ತೋಪು ಸುಮ್ಮನಾಗ್ತಾವು, ಅದೂ ಖರೇನೇ,” ಎಂದರು ಮೌಲ್ವಿ ಸಾಹೇಬರು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದು. ಪಾನನ್ನು ಅವರು ಬಾಯಿಗೆ ಹಾಕಿಕೊಳ್ಳಲಿಲ್ಲ.

ಮನೆಗೆ ಹೋದಾಗ ದೊಡ್ಡವ್ವ ಗಂಟು ಕಟ್ಟುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಕಟ್ಟಿದ ಗಂಟನ್ನು ಬಿಚ್ಚಿದಳು, ಸೀರೆಗಳನ್ನು ಮತ್ತೆ ಗಳುವಿನ ಮೇಲೆ ಹಾಕಿದಳು.

“ಎರಡಕ್ಕೂ ಒಂದೇ ಸಪ್ಪಳ ಯಾಕಿಟ್ಟಾರೋ ಹುಚ್ಚರು?” ಎಂದಳು. ಕೊನೆಯ ಸೀರೆ ಹಾಕುತ್ತ, “ಸೆರಿ ಹಿಡದಾರ ಅಂದ್ರ ಜೀವಂತ ಇದ್ದವರನ್ನೇ ಹಿಡದಿರ್ತಾರಲ್ಲ,” ಎಂದಳು.

ಆಮೇಲಿನ ವರ್ಷಗಳನ್ನು ಬರೆಯಲು ಹೋದರೆ ಬರೆಯುವಂಥದ್ದೇನೂ ಇಲ್ಲ, ಅದೇ ಅವುಗಳ ಕಷ್ಟ. ಶಿವಲಿಂಗನ ಬಗ್ಗೆ ಪಲ್ಟನ್ನಿನಲ್ಲಿ ಕೇಳಿದರೆ ‘ಗೊತ್ತಿಲ್ಲ’ ಎನ್ನುತ್ತಿದ್ದರು. ನಾನು ಸುಕೂತ್ ಆದಮೇಲೆ ರೇಡಿಯೊದ ಮುಂದೆ ಕೂಡುವುದನ್ನು ಬಿಟ್ಟೆ. ಕೇಳಿ ಕಲಿಯುವ ಆಸೆಯನ್ನೇ ಬಿಟ್ಟೆ. ಮತ್ತೆ ಅರ್ಜಿಗಳು, ಮತ್ತೆ ಹೆಡ್‌ಮಾಸ್ತರರ ಮುಂದೆ ‘ಜೀ’. ಗೊತ್ತಾದದ್ದೆಲ್ಲ ತಪ್ಪಾಗಿರಬಹುದು ಎಂಬ ಸಂಶಯ ಒಮ್ಮೆ ಹೊಕ್ಕರೆ, ಅದು ಉರ್ದುವಿಗಷ್ಟೇ ನಿಲ್ಲುವುದಿಲ್ಲ. ಹೆಂಡತಿ ಕನ್ನಡದಲ್ಲಿ ‘ಊಟಕ್ಕೆ ಬರ್ರಿ’ ಎಂದರೂ ಒಂದು ಕ್ಷಣ ನಿಂತು ಯೋಚಿಸುತ್ತಿದ್ದೆ.

ದೊಡ್ಡವ್ವ ಮಾತ್ರ ಬಿಡಲಿಲ್ಲ. ಕಮಲಾಪುರಕ್ಕೆ ಹೋಗಿ ತೋಟ ನೋಡಿ ಬರುವಳು, ಬಂದ ಸಂಜೆಯೇ ಗುರಮ್ಮನವರ ಬಾಗಿಲ ಹಿಂದೆ ಹಾಜರು. ಮೊದಮೊದಲು ಬಂದು ನನ್ನನ್ನು ಅರ್ಥ ಕೇಳುತ್ತಿದ್ದಳು. ಆಮೇಲೆ ಅವಳೇ ಹೇಳತೊಡಗಿದಳು: ಇವತ್ತು ಬರ್ಮಾ ಕಡೆ ಹಿಂಗಾತು, ನಾಳೆ ಅಕ್ಕಿಯ ದರ ಹಂಗಾಗ್ತದಂತ. ಅವಳು ಪದ ಹಿಡಿದಳೋ, ದನಿ ಹಿಡಿದಳೋ ನಾನರಿಯೆ. ಮೌಲ್ವಿ ಸಾಹೇಬರನ್ನು ಕೇಳಿದರೆ, “ಅವರು ತಪ್ಪಿಗೆ ಅಂಜೂದಿಲ್ಲ, ನೀವು ಅಂಜ್ತೀರಿ,” ಎಂದುಬಿಟ್ಟರು.

ಇಷ್ಟೆಲ್ಲ ದುಃಖದ ನಡುವೆಯೂ ನಗದೆ ಇರಲಾಗದ ಒಂದು ಸಂಗತಿ ಇತ್ತು. ದೊಡ್ಡವ್ವ ಕಲಿತ ಉರ್ದು ಪೂರಾ ವಾರ್ತೆಯವನದು. ಬೇರೆ ಉರ್ದು ಅವಳ ಬಾಯಿಂದ ಈಗ ಬರುತ್ತಲೇ ಇರಲಿಲ್ಲ. ಒಂದು ದಿನ ಬಾಗಿಲಿಗೆ ಬದನೆಕಾಯಿ ಮಾರುವಾಕೆ ಬಂದಿದ್ದಳು. ದರ ಹೆಚ್ಚಾಯಿತು, ಪೇಟೆಯಲ್ಲಿ ಕಡಿಮೆ ಇದೆಯಂತೆ ಎಂದು ಹೇಳಬೇಕಿತ್ತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, “ಮೌಸೂಲಾ ಇತ್ತಿಲಾತ್ ಕೇ ಮುತಾಬಿಖ್...” ಎಂದು ಆರಂಭಿಸಿದಳು. ಬಂದಿರುವ ವರದಿಗಳ ಪ್ರಕಾರ, ಎಂದು ಅದರ ಅರ್ಥ. ಬದನೆಕಾಯಿಯಾಕೆ ಬುಟ್ಟಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, “ಕ್ಯಾ ಬೋಲ್ರೈಂ ಅಮ್ಮಾ ತುಮೆ? ಮೈ ಕ್ಯಾ ಕರೀ?” ಎಂದಳು. ಏನು ಹೇಳುತ್ತಿದ್ದೀರಿ, ನಾನೇನು ಮಾಡಿದೆ ಎಂದು ಅವಳ ಗಾಬರಿ. ಸರಕಾರದ ಕಡೆಯಿಂದ ಏನೋ ಹುಕುಂ ಬಂದಿದೆ ಎಂದು ತಿಳಿದು ದರ ಇಳಿಸಿಯೇ ಕೊಟ್ಟುಹೋದಳು.

ಯುದ್ಧ ಮುಗಿಯಿತು. ಆ ಸುದ್ದಿಯನ್ನು ನಮ್ಮ ಮನೆಗೆ ತಂದದ್ದು ದೊಡ್ಡವ್ವನೇ. ಈ ಸಲ ಯಾರೂ ಸಕ್ಕರೆ ಹಂಚಲಿಲ್ಲ. ಸೆರೆಯಲ್ಲಿದ್ದವರು ಒಬ್ಬೊಬ್ಬರೇ ಊರಿಗೆ ಮರಳುತ್ತಿದ್ದಾರೆ ಎಂದು ಕೇಳಿ ಅವಳು ಕಮಲಾಪುರಕ್ಕೆ ಹೊರಟಳು. ಮಗ ಬಂದರೆ ಅಲ್ಲಿಗೇ ಬರುತ್ತಾನಲ್ಲ. ಬೇಸಿಗೆ ರಜೆಯಾದ್ದರಿಂದ ನಾನೂ ಹೋಗಿದ್ದೆ.

ಒಂದು ಮಧ್ಯಾಹ್ನ ರಸ್ತೆಯಿಂದ ಒಬ್ಬ ಮನುಷ್ಯ ತೋಟದೊಳಗೆ ನಡೆದು ಬಂದ. ಅಂಗಿ ಅವನದಲ್ಲವೇನೋ ಎಂಬಂತೆ ಮೈಮೇಲೆ ಜೋಲುತ್ತಿತ್ತು. ದೊಡ್ಡವ್ವ ಕಟ್ಟೆಯಿಂದ ಎದ್ದು ನಾಲ್ಕು ಹೆಜ್ಜೆ ಓಡಿ, ನಿಂತಳು. ಅವನು ಶಿವಲಿಂಗನಲ್ಲ. ಹೆಸರು ಯೂಸುಫ್, ಹೈದರಾಬಾದಿನ ಕಡೆಯವನು, ಅದೇ ಪಲ್ಟನ್ನಿನಲ್ಲಿ ಲಾರಿ ನಡೆಸುತ್ತಿದ್ದವನು. ಕನ್ನಡ ಬರುತ್ತಿರಲಿಲ್ಲ.

ದೊಡ್ಡವ್ವ ಅವನನ್ನು ನೋಡಿದಳು. “ತಶ್ರೀಫ್ ರಖಿಯೇ,” ಎಂದಳು. ದಯಮಾಡಿ ಕೂಡಿರಿ. ಅಷ್ಟು ಘನವಾದ ಮಾತಿಗೆ ಅವನು ತಡವರಿಸಿ ಕಟ್ಟೆಯ ಅಂಚಿಗೆ ಕೂತ. ನೀರು ಕುಡಿದ. ನನ್ನ ಕಡೆ ತಿರುಗಿ, “ಭಾಯ್, ಮೈ ಬೋಲ್ತೌಂ, ತುಮೆ ಅಮ್ಮಾ ಕು ಸಮ್ಜಾವ್,” ಎಂದ. ನಾನು ಹೇಳುತ್ತೇನೆ, ನೀವು ಅಮ್ಮನಿಗೆ ತಿಳಿಸಿ ಹೇಳಿ.

ಅವನು ಆಡಿದ್ದು ಪೇಟೆಯ ಮಾತು. ಬಾಳೆಗೊನೆಯ ಬಂಡಿಯಲ್ಲಿ ಅಪ್ಪನ ಪಕ್ಕ ಕೂತು ನಾನು ಕಲಿತಿದ್ದ ಮಾತು. “ಶಿವಲಿಂಗ್ ನೈಂ ರಹಾ. ಬುಖಾರ್ ಆಯಾ ಥಾ. ದವಾ ನೈಂ ಥೀ.” ಇಲ್ಲವಾದ, ಜ್ವರ ಬಂದಿತ್ತು, ಮದ್ದು ಇರಲಿಲ್ಲ. ಒಂದು ಅಕ್ಷರವೂ ನನ್ನ ಕಿವಿ ತಪ್ಪಲಿಲ್ಲ. ಎರಡು ಅರ್ಥವಾಗುವಂಥ ಒಂದು ಪದವೂ ಅದರಲ್ಲಿರಲಿಲ್ಲ. ನಾನು ದೊಡ್ಡವ್ವನ ಕಡೆ ತಿರುಗಿದೆ. ಬಾಯಿ ತೆರೆದೆ. ಕನ್ನಡದಲ್ಲಿ ಅದನ್ನು ಹೇಗೆ ಹೇಳುತ್ತಾರೆ? ಹುಟ್ಟಿದ ಭಾಷೆ ನನ್ನ ಬಾಯೊಳಗೆ ಎಲ್ಲಿಯೂ ಸಿಗಲಿಲ್ಲ.

“ನೀ ಬಿಡು ಚನ್ನಪ್ಪಾ,” ಎಂದಳು ದೊಡ್ಡವ್ವ. “ನನಗ ತಿಳೀತು.”

ಅವಳು ಅವನ ಎದುರಿಗೇ ಕೂತಳು. “ಪಾಸ್ ಕೌನ್ ಥಾ?” ಎಂದು ಕೇಳಿದಳು. ಹತ್ತಿರ ಯಾರಿದ್ದರು?

“ಮೈಂಚ್ ಥಾ ಅಮ್ಮಾ. ಬಾಜೂಚ್ ಥಾ.” ನಾನೇ ಇದ್ದೆ, ಪಕ್ಕದಲ್ಲೇ ಇದ್ದೆ.

“ಕುಛ್ ಬಯಾನ್ ಕಿಯಾ?” ಏನಾದರೂ ಹೇಳಿದನೇ ಎಂದು ಅವಳು ಕೇಳಬೇಕಾಗಿದ್ದಲ್ಲಿ, ಹೇಳಿಕೆ ಏನಾದರೂ ನೀಡಿದನೇ ಎಂದು ವಾರ್ತೆಯವನ ಪದ ಬಂತು. ಯೂಸುಫ್ ನಗಲಿಲ್ಲ. ಕೆಳಗೆ ನೋಡುತ್ತ ಹೇಳಿದ: ಶಿವಲಿಂಗ ದಿನಾ ಬಾಳೆಹಣ್ಣಿನ ಮಾತೇ ಆಡುತ್ತಿದ್ದ. ಅಲ್ಲಿಯೂ ಬಾಳೆ ಬೆಳೆಯುತ್ತದೆ, ಕಾಡು ತುಂಬ ಬಾಳೆ. ಒಮ್ಮೆ ಒಂದು ಸಿಕ್ಕಿತ್ತು. ತಿಂದು, ಇದೇನು ಬಾಳೆ, ಬರೀ ನೀರು, ನಮ್ಮೂರದು ತಿನ್ನಬೇಕು ಎಂದು ಎಲ್ಲರನ್ನೂ ಬೈದಿದ್ದ. ಬದುಕಿ ಹೋದವರು ಕಮಲಾಪುರಕ್ಕೆ ಹೋಗಿ ತಿಂದು ನೋಡಿ ಎಂದಿದ್ದ. ಅದಕ್ಕೇ ಬಂದೆ ಅಮ್ಮಾ.

ದೊಡ್ಡವ್ವ ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಒಳಗಿನಿಂದ ಯಾವ ಸದ್ದೂ ಕೇಳಲಿಲ್ಲ. ನಾನು ಕಿವಿಗೊಟ್ಟು ಕೂತಿದ್ದೆ, ಯೂಸುಫನೂ ಕೂತಿದ್ದ. ಅವಳು ಬಂದಾಗ ಮುಖ ತೊಳೆದಿದ್ದಳು. ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ, ಮರದಲ್ಲೇ ಹಣ್ಣಾದ ಒಂದು ಚಿಪ್ಪು ಬಾಳೆ. ಎದುರಿಗೆ ಕೂತು ತಿನ್ನಿಸಿದಳು. ಅವನು ‘ಬಸ್ ಅಮ್ಮಾ, ನಕ್ಕೋ ಅಮ್ಮಾ’ ಎಂದಷ್ಟೂ ಬಡಿಸಿದಳು. ಹೊರಡುವಾಗ ಒಂದು ಇಡೀ ಗೊನೆಯನ್ನು ಗೋಣಿಯಲ್ಲಿ ಸುತ್ತಿ, ಅವನ ತಾಯಿಗೆಂದು ಹೇಳಿ, ನನ್ನ ಹೆಗಲಿಗೇರಿಸಿ ಬಸ್ಸಿನ ತನಕ ಕಳಿಸಿದಳು.

ನಾನು ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಬಾಳೆಗೆ ನೀರು ಬಿಟ್ಟಿದ್ದಳು, ಕಾಲುವೆಯ ಮಣ್ಣನ್ನು ಕಾಲಿನಿಂದ ಸರಿಮಾಡುತ್ತ ನಿಂತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ. ಅವಳೇ ಮಾತು ತೆಗೆದಳು.

“ಆ ಹುಡುಗ ರೇಡಿಯೋದವನಂಗ ಮಾತಾಡಿದ್ದರ ಚೊಲೊ ಇತ್ತು ನೋಡು ಚನ್ನಪ್ಪಾ.”

“ಯಾಕ ದೊಡ್ಡವ್ವಾ?”

“ನಾಕು ಮಾತರ ತಿಳೀದ ಹೋಗ್ತಿದ್ದವು,” ಎಂದಳು ದೊಡ್ಡವ್ವ.